ಮೂವತ್ತೇಳರ ಚೀಟಿ

ಕಸಾಯಿಖಾನೆಯವರು ಅವಳಿಗಿಟ್ಟ ಹೆಸರು ಹಂಡೆಯಕ್ಕ. ಇಟ್ಟವರು ತಮಾಷೆಗೆ ಇಟ್ಟರು, ಅವಳು ಬಿರುದೆಂದು ಇಟ್ಟುಕೊಂಡಳು. ಬೆಳಕು ಹರಿಯುವ ಹೊತ್ತಿಗೆ ಪ್ರಯೋಗಾಲಯದ ಹಳೆಯ ವ್ಯಾನು ಹಿಂದಿನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅದರಿಂದ ಮೊದಲು ಇಳಿಯುತ್ತಿದ್ದುದು ಗ್ಯಾಸ್ ಒಲೆ, ಆಮೇಲೆ ಹಂಡೆ, ಕೊನೆಗೆ ಮೊಣಕಾಲಿನವರೆಗೆ ರಬ್ಬರ್ ಬೂಟು ತೊಟ್ಟ ಅವಳು. ನೀರು ಕುದಿಯುವವರೆಗೆ ಯಾರೂ ಕತ್ತಿ ಎತ್ತುವ ಹಾಗಿರಲಿಲ್ಲ. ಎತ್ತುಗಳಂತಿದ್ದ ಆ ಗಂಡಸರು ಐದಡಿಯ ಈ ಹೆಂಗಸಿನ ಮುಖ ನೋಡುತ್ತ, ಕೈಕಟ್ಟಿ ನಿಂತಿರುತ್ತಿದ್ದರು.

"ಅಕ್ಕಾ, ಆಯ್ತಾ?"

"ಗುಳ್ಳೆ ಬರ್ತಾ ಇದೆ, ಕುದಿ ಬಂದಿಲ್ಲ. ಅವಸರ ಇದ್ರೆ ನೀನೇ ಇಳಿ ಹಂಡೆಗೆ."

ಅವಳಿಗೆ ಬೇಕಾದದ್ದು ಹೊಟ್ಟೆಯ ಬಾಯಿಂದ ಕೆಳಗಿನ ಎರಡು ಮೊಳ ಕರುಳು ಮಾತ್ರ. ಹಂದಿಯದಾಗಲಿ, ಕುರಿಯದಾಗಲಿ, ಎತ್ತಿನದಾಗಲಿ, ಕತ್ತಿಯಿಂದ ಹಂಡೆಗೆ ನಾಲ್ಕು ನಿಮಿಷ. ಐದಾದರೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ. "ಅದು ಕರುಳಲ್ಲ, ಕಸ" ಎಂದು ಆಚೆಗೆ ನೂಕುತ್ತಿದ್ದಳು. ಕರುಳಿನಲ್ಲಿ ಅನ್ನವನ್ನು ಕರಗಿಸುವ ರಸಗಳಿವೆಯಲ್ಲ, ಪ್ರಾಣಿ ಸತ್ತಮೇಲೆ ಅವಕ್ಕೆ ಬೇರೆ ಕೆಲಸವಿಲ್ಲ. ಕರುಳಿನ ಗೋಡೆಯಲ್ಲೇ ಇರುವ ಹಾರ್ಮೋನನ್ನು ತಿನ್ನತೊಡಗುತ್ತವೆ. ಕುದಿಯುವ ನೀರಿಗೆ ಬಿದ್ದರೆ ರಸಗಳು ಸಾಯುತ್ತವೆ, ಹಾರ್ಮೋನು ಉಳಿಯುತ್ತದೆ. ಮೊದಲು ಕುದಿಸು, ಆಮೇಲೆ ಅರೆ. ಅವಳ ವೃತ್ತಿಯ ವೇದ ಇಷ್ಟೇ.

ಈ ಹಂಡೆ ಬಂದದ್ದು ಅವಳದೇ ಒಂದು ಮಾತಿನಿಂದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿದವಳು ಅವಳು. ಆಗಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಆಕಾರದಲ್ಲೂ ದೊಡ್ಡವರು, ಸಿಟ್ಟಿನಲ್ಲೂ ದೊಡ್ಡವರು. ಕಸಾಯಿಖಾನೆಯಿಂದ ಬಸ್ಸಿನಲ್ಲಿ ಕರುಳು ತರಿಸಿ, ಪ್ರಯೋಗಾಲಯದಲ್ಲಿ ಕುದಿಸಿ, ತಿಂಗಳಾನುಗಟ್ಟಲೆ ಸೋಸಿ, ಕೊನೆಗೆ ಏನೂ ಸಿಗದೆ ಅವರು ಒಂದು ದಿನ ಬೀಕರನ್ನೇ ಗೋಡೆಗೆ ಎಸೆದರು. ಚೂರು ಗುಡಿಸುತ್ತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು: "ಕರುಳು ಇಲ್ಲಿಗೆ ಬರೋ ಬದಲು ಬೆಂಕಿನೇ ಅಲ್ಲಿಗೆ ಹೋಗಬಾರದಾ ಸಾರ್?"

ಮರುವಾರ ಹಂಡೆ ಬಂತು. ಗುಡಿಸುವ ಕೆಲಸಕ್ಕೆ ಬೇರೆಯವರು ಬಂದರು.

ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಎರಡು ಕೋಣೆ. ನಾವು ಒಂದು ತುತ್ತು ನುಂಗಿದ ಕೂಡಲೇ ಕರುಳು ರಕ್ತದಲ್ಲಿ ಒಂದು ಕಾಗದ ಬರೆದು ಕಳಿಸುತ್ತದಂತೆ: ಪಿತ್ತಕೋಶವೇ, ಹಿಂಡು, ಹೊಟ್ಟೆಯೇ, ಸ್ವಲ್ಪ ತಾಳು. ಆ ಕಾಗದವೇ ಹಾರ್ಮೋನು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಒಂದು ಸರ. ಹಂದಿಯ ಸರ, ಕೋಳಿಯ ಸರ, ಮೀನಿನ ಸರ ಪಕ್ಕಪಕ್ಕ ಇಟ್ಟು ಯಾವ ಮಣಿ ಉಳಿದಿದೆ, ಯಾವುದು ಬದಲಾಗಿದೆ ಎಂದು ಓದುವುದು ಮೊದಲ ಕೋಣೆಯ ಕೆಲಸ. ಹಾಗೆ ಬದಲಾದದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವುದು ಎರಡನೆಯ ಕೋಣೆಯ ಕೆಲಸ. ಎರಡನೆಯ ಕೋಣೆಗೆ ಹಂಡೆಯಕ್ಕನೇ ಒಡತಿ.

ಅಲ್ಲಿ ಎರಡು ಪದರದ ಒಂದು ಗಾಜಿನ ಕೊಳವೆ. ಹೊರಪದರದಲ್ಲಿ ಬೆಚ್ಚಗಿನ ನೀರು ಸುತ್ತುತ್ತದೆ. ಒಳಗೆ ಉಪ್ಪುನೀರಿನಲ್ಲಿ ಪಿತ್ತಕೋಶದ ಒಂದು ಪಟ್ಟಿ, ಬೆರಳಗಲ, ದಾರ ಕಟ್ಟಿ ನೇತುಹಾಕಿದ್ದು. ದಾರದ ತುದಿ ಒಂದು ಸನ್ನೆಕಡ್ಡಿಗೆ, ಕಡ್ಡಿಯ ತುದಿಯಲ್ಲಿ ಲೇಖನಿ. ಹಾರ್ಮೋನಿನ ಒಂದು ಹನಿ ಬಿಟ್ಟರೆ ಪಟ್ಟಿ ಮುದುಡುತ್ತದೆ, ಲೇಖನಿ ಕಾಗದದ ಮೇಲೆ ಗುಡ್ಡ ಬರೆಯುತ್ತದೆ. ಗುಡ್ಡ ಎತ್ತರವಾದಷ್ಟೂ ಹಾರ್ಮೋನು ಗಟ್ಟಿ. ದಾರ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಬಿಗಿಯಾದರೆ ಪಟ್ಟಿ ಸಾಯುತ್ತದೆ, ಸಡಿಲಾದರೆ ಸುಳ್ಳು ಹೇಳುತ್ತದೆ. ಅವಳ ಗಂಟು ಎರಡೂ ಅಲ್ಲ.

ನೀರು ಬೆಚ್ಚಗಿಡುವ ಪೆಟ್ಟಿಗೆಗೆ ಬಿಸಿ ಏರಿಸಿ ಇಳಿಸುವ ಒಂದು ತಿರುಪು. ಅದರ ಮೇಲೆ ಕಂದು ಅಂಟುಪಟ್ಟಿ, ಅದರಲ್ಲಿ ಅವಳದೇ ಗುಂಡಕ್ಷರ: "೩೭. ಯಾರೂ ಮುಟ್ಟಬಾರದು. ದೊಡ್ಡವರೂ ಸಹ." ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಕಲಿಯಲು ಬಂದವನು ತಿರುಪನ್ನು ಐವತ್ತು ಡಿಗ್ರಿಗೆ ತಿರುಗಿಸಿ ಕುರಿಯ ಪಟ್ಟಿಯನ್ನು ಬೇಯಿಸಿಬಿಟ್ಟಿದ್ದ. ದೊಡ್ಡವರು ಕೂಗಾಡಿ, "ಯಾರೂ ಮುಟ್ಟಬಾರದು ಅಂತ ಅಂಟಿಸು! ನಾನೂ ಮುಟ್ಟಬಾರದು!" ಎಂದಿದ್ದರು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. ದೊಡ್ಡವರು ಓದಿ, ಗಹಗಹಿಸಿ ನಕ್ಕು, ನೌಕರಿಯ ಕೊನೆಯ ದಿನದವರೆಗೂ ಅದರಂತೆಯೇ ನಡೆದುಕೊಂಡರು. ಆಮೇಲೆ ನಿವೃತ್ತರಾಗಿ ಹೋದರು. ಚೀಟಿ ಉಳಿಯಿತು.

ಮನೆಯಲ್ಲಿ ಅವಳಿಗೊಬ್ಬರು ಅತ್ತೆ. ಗಂಡ ದೂರದ ರೈಲುಗಳಲ್ಲಿ ಗಾರ್ಡು, ವಾರಕ್ಕೆರಡು ದಿನ ಮನೆಯ ಮುಖ ನೋಡುವವನು. ಹಾಗಾಗಿ ಸಂಸಾರವೆಂದರೆ ಅತ್ತೆ ಸೊಸೆಯದೇ. ಅತ್ತೆ ನಲವತ್ತು ವರ್ಷ ಹೊಲಿಗೆಯಲ್ಲೇ ಕಳೆದವರು, ಈಗಲೂ ಕಿಟಕಿಯ ಬಳಿ ಮಿಷನ್ನು ತುಳಿಯುವವರು. ಸೊಸೆ ಬಾಗಿಲು ದಾಟುತ್ತಲೇ ಮೂಗು ಎತ್ತಿ ಗಾಳಿ ಎಳೆಯುತ್ತಿದ್ದರು.

"ಇವತ್ತು ಕುರಿ."

"ಅಲ್ಲ ಅತ್ತೆ, ಎತ್ತು."

"ಹಾಗಾದ್ರೆ ಎತ್ತಿನ ಪಕ್ಕ ಕುರಿ ನಿಂತಿತ್ತು. ಹೋಗು, ಸ್ನಾನ ಮಾಡು."

ಸೋಲು ಒಪ್ಪಿಕೊಳ್ಳುವ ಜನವೇ ಅಲ್ಲ ಅವರು.

ಅವಳ ನೌಕರಿ ಮುಗಿಯಲು ಇನ್ನೆರಡು ವರ್ಷ ಇರುವಾಗ ಮೀನು ಬಂತು. ಮೊದಲ ಕೋಣೆಯ ಡಾಕ್ಟರಮ್ಮ, ಮೂವತ್ತರ ಆಸುಪಾಸಿನ ಚುರುಕು ಹೆಣ್ಣು, ತಣ್ಣೀರಿನ ಮೀನೊಂದರ ಕರುಳಿನ ಹಾರ್ಮೋನನ್ನು ಮಣಿ ಮಣಿಯಾಗಿ ಓದಿ ಮುಗಿಸಿ ಕುಣಿದಾಡಿಬಿಟ್ಟಳು. ಸರದ ಬಾಲದಲ್ಲಿರುವ ಎಂಟು ಮಣಿಗಳೇ ನಿಜವಾದ ಕೆಲಸಗಾರರು. ಹಂದಿಗೂ ಮೀನಿಗೂ ಅವುಗಳಲ್ಲಿ ಏಳು ಒಂದೇ, ಒಂದು ಮಾತ್ರ ಬೇರೆ. "ಅಕ್ಕಾ, ಆ ಒಂದು ಮಣಿ ಬದಲಾಗಿಯೂ ಮೀನಲ್ಲಿ ಕೆಲಸ ನಡೀತಿದೆ ಅಂತ ನೀವು ತೋರಿಸಿಬಿಟ್ರೆ ಸಾಕು!"

ಹಂಡೆ ಮೀನಿನ ಮಾರುಕಟ್ಟೆಗೂ ಹೋಯಿತು. ಅಲ್ಲಿಯೂ ನಾಲ್ಕೇ ನಿಮಿಷ. ಕರುಳಿನ ಸಾರ ಸಿದ್ಧವಾಯಿತು. ಪಿತ್ತಕೋಶದ ಪಟ್ಟಿಗೆಂದು ಜೀವಂತ ಮೀನನ್ನೂ ಕ್ಯಾನಿನಲ್ಲಿ ತಂದಳು. ದಾರ ಕಟ್ಟಿ ಹನಿ ಬಿಟ್ಟಳು. ಲೇಖನಿ ಅಲುಗಲಿಲ್ಲ. ಇನ್ನೊಂದು ಮೀನು, ಇನ್ನೊಂದು ಪಟ್ಟಿ. ಹನ್ನೊಂದು ಸಲ. ಕಾಗದದ ಮೇಲೆ ಹನ್ನೊಂದು ಸಲವೂ ಸ್ಕೇಲಿಟ್ಟು ಎಳೆದಂಥ ಗೆರೆ. ಅದೇ ಸಾರವನ್ನು ಪ್ರಯೋಗಕ್ಕೆಂದು ಸಾಕಿದ ಗಿನಿಯಿಲಿಯ ಪಟ್ಟಿಗೆ ಬಿಟ್ಟರೆ ಒಂದು ಪುಟ್ಟ ದಿಬ್ಬ ಎದ್ದಿತು, ಅಷ್ಟೇ.

ಹೊಸ ಮುಖ್ಯಸ್ಥ ಅಚ್ಚುಕಟ್ಟಿನ ಮನುಷ್ಯ. ಕೆಟ್ಟವನೇನಲ್ಲ, ಆದರೆ ಹಂಡೆಯೆಂದರೆ ಅವನಿಗೆ ಅಜ್ಜನ ಕಾಲದ ಸಾಮಾನು. ಸೋಮವಾರ ಅವಳನ್ನು ಕರೆದು ಕೂರಿಸಿದ.

"ಸರಕು ಕೆಟ್ಟಿದೆ ಅಕ್ಕ. ಕುದಿಸೋದು ತಡವಾಗಿದೆ. ಶುಕ್ರವಾರ ಪರಿಶೀಲನೆಗೆ ಮೂರು ಜನ ಬರ್ತಾರೆ, ನಾನು ಹಾಗಂತಲೇ ಬರೀಬೇಕಾಗುತ್ತೆ. ಇನ್ನುಮೇಲೆ ಕರುಳಿನ ಪುಡಿ ಹೊರಗಿಂದ ತರಿಸೋಣ. ನೀವು ಉಳಿದ ಎರಡು ವರ್ಷ ಉಗ್ರಾಣ ನೋಡ್ಕೊಳ್ಳಿ, ಆರಾಮಾಗಿ."

"ನಾಲ್ಕು ನಿಮಿಷ ದಾಟಿಲ್ಲ ಸಾರ್. ಕೆಟ್ಟಿದ್ರೆ ಗಿನಿಯಿಲಿ ಅಷ್ಟಾದರೂ ಏಳ್ತಿತ್ತಾ?"

"ಅರ್ಧ ಕೆಟ್ಟಿರಬಹುದು."

ಅರ್ಧ ಕೆಟ್ಟಿದೆಯಂತೆ! ಅವಳ ಮೈ ಉರಿದುಹೋಯಿತು. ಮೂವತ್ತೇಳು ವರ್ಷದಲ್ಲಿ ಮದುವೆಯ ಮಾರನೆಯ ದಿನವೂ ಹಂಡೆ ಹೊತ್ತವಳು ಅವಳು. ಉಗ್ರಾಣದಲ್ಲಿ ಕೂತು ಕಾಗದದ ರೀಮು ಎಣಿಸುವುದಕ್ಕಿಂತಲೂ ಆ ಒಂದು ಸಾಲು ಅವಳನ್ನು ಚುಚ್ಚಿತು: ಕುದಿಸೋದು ತಡವಾಗಿದೆ. ಅದು ದಾಖಲೆಗೆ ಹೋದರೆ ಅವಳ ಹೆಸರು ಹೋದಂತೆ.

ಬುಧವಾರ ಬೆಳಿಗ್ಗೆ ಕೊನೆಯ ಮೀನು ತರಲು ಹೋದಳು. ಮೀನಿನವಳು ಬಾಯಿ ಜೋರಿನ, ಮನಸ್ಸು ಮೆತ್ತನೆಯ ಹೆಂಗಸು. ತೊಟ್ಟಿಯ ನೀರಿಗೆ ಬಕೆಟ್ಟುಗಟ್ಟಲೆ ಮಂಜುಗಡ್ಡೆ ಸುರಿಯುತ್ತಿದ್ದಳು. ಚೆನ್ನಾಗಿರುವುದನ್ನು ಆರಿಸೋಣವೆಂದು ಹಂಡೆಯಕ್ಕ ಮೊಣಕೈವರೆಗೆ ಕೈ ಇಳಿಸಿದಳು.

"ತೆಗಿ ಅಕ್ಕ ಕೈನ! ಎಷ್ಟು ಸಲ ಹೇಳ್ಬೇಕು ನಿನಗೆ? ನಿನ್ನ ಕೈ ತಾಗಿದ್ರೆ ಅವಕ್ಕೆ ಬೆಂಕಿ ತಾಗಿದ ಹಾಗೆ. ನಿನಗೆ ಬೆಚ್ಚಗೆ ಅನ್ನಿಸೋ ನೀರಲ್ಲಿ ಇವು ಬೆಂದೇ ಹೋಗ್ತಾವೆ."

ಹಂಡೆಯಕ್ಕ ಕೈ ತೆಗೆಯಲಿಲ್ಲ. ತೆಗೆಯಬೇಕೆಂಬುದು ಮರೆತೇಹೋಯಿತು. ಮೀನಿನವಳೇ ಹಿಡಿದು ಎಳೆಯಬೇಕಾಯಿತು.

ಬಸ್ಸಿನಲ್ಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಳಗೆ ಮಂಜುಗಡ್ಡೆ ಕಿಣಿಕಿಣಿ ಎನ್ನುತ್ತಿತ್ತು. ಹನ್ನೊಂದು ಸಲವೂ ಹೀಗೆಯೇ ತಂದಿದ್ದಾಳೆ, ಬಿಸಿಲು ತಾಗದಂತೆ ಸೆರಗು ಮುಚ್ಚಿ, ಬಾಣಂತಿಯನ್ನು ಕರೆತಂದ ಹಾಗೆ. ತಂದು ಮಾಡಿದ್ದೇನು? ಮೂವತ್ತೇಳರ ನೀರಿಗೆ ನೇತುಹಾಕಿದ್ದು! ಹಂದಿಗೆ, ಕುರಿಗೆ, ಗಿನಿಯಿಲಿಗೆ ಅದು ಮೈಯ ಬಿಸಿ. ಈ ಮೀನಿನ ಮೈ ಹದಿನಾಲ್ಕು ದಾಟಿದ್ದೇ ಇಲ್ಲ. ಹಾರ್ಮೋನಿನಲ್ಲಿ ದೋಷವಿರಲಿಲ್ಲ, ಹಂಡೆಯಲ್ಲಿ ದೋಷವಿರಲಿಲ್ಲ. ಗಿನಿಯಿಲಿಗೆ ಪುಟ್ಟ ದಿಬ್ಬವಷ್ಟೇ ಎದ್ದದ್ದು ಬೇರೆಯಾದ ಆ ಒಂದು ಮಣಿಯಿಂದ. ಕಾಗದ ಸರಿಯಾದ ವಿಳಾಸಕ್ಕೇ ಹೋಗಿತ್ತು. ಬಾಗಿಲು ತೆಗೆಯಬೇಕಾದವನು ಬಿಸಿಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವಳ ಕಥೆ.

ಖುಷಿಯಿಂದ ಕಿರುಚಬೇಕೆನಿಸಿತು. ಎರಡು ನಿಲ್ದಾಣ ದಾಟುವುದರೊಳಗೆ ಖುಷಿ ಇಳಿಯಿತು. ತಿರುಪಿನ ಮೇಲೆ ಅಂಟಿಸಿದವಳು ಯಾರು? ಡಾಕ್ಟರಮ್ಮನಿಗೆ ಗೊತ್ತಿರುವುದು ಮಣಿ ಮಾತ್ರ. ಅಕ್ಕ ಇದ್ದಾಳಲ್ಲ ಎಂದು ಅವಳು ಸುಮ್ಮನಿದ್ದಳು. ಓದಿದವಳು ಹೇಳುತ್ತಾಳಲ್ಲ ಎಂದು ಇವಳು ಸುಮ್ಮನಿದ್ದಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ದೊಡ್ಡವರು ನಿವೃತ್ತರಾಗುವ ಮುಂಚೆ, ಕೊನೆಯದಾಗಿ, ಕಪ್ಪೆಯ ಹಾರ್ಮೋನನ್ನು ನೋಡಿದ್ದರು. ಅದೇ ಕೊಳವೆ, ಅದೇ ಚೀಟಿ. "ಕಪ್ಪೆಯಲ್ಲಿ ಚಟುವಟಿಕೆ ದುರ್ಬಲ" ಎಂದು ಅಚ್ಚಾಯಿತು. ಆ ಪುಟಕ್ಕೆ ಅವರು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾರೆ. ಅವಳೇ ಹೋಗಿ ನೋಡಿ, ಚೆನ್ನಾಗಿದೆ ಸಾರ್ ಎಂದು ಬಂದಿದ್ದಾಳೆ.

ಸಂಜೆ ಅತ್ತೆ ಮೂಗು ಎತ್ತಿ, "ಮೀನು" ಎಂದರು. ಸೊಸೆ ಸ್ನಾನಕ್ಕೆ ಹೋಗದೆ ಅಲ್ಲೇ ಕೂತದ್ದು ಕಂಡು ಮಿಷನ್ನು ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು.

"ದಾರಿ ಇದೆ ಅತ್ತೆ. ನಾಳೆ ಸುಮ್ನೆ ತಣ್ಣೀರು ಹಾಕಿ ಮಾಡಿಬಿಟ್ರೆ ಆಯ್ತು. ಲೇಖನಿ ಏಳುತ್ತೆ. ಈ ಸಲದ ಸರಕು ಚೆನ್ನಾಗಿದೆ ಅಂತಾರೆ, ಮುಗೀತು. ಚೀಟಿ ವಿಷಯ ಯಾರಿಗೂ ಗೊತ್ತಾಗಲ್ಲ."

"ಆಗ ಹಳೇ ಸರಕು ಕೆಟ್ಟಿತ್ತು ಅಂತಲೇ ಆಯ್ತಲ್ಲ?"

"ಹೂಂ."

"ಇಲ್ಲಾಂದ್ರೆ ಆ ಡಾಕ್ಟರಮ್ಮನ ಮೇಲೆ ಹಾಕಬಹುದು. ಓದಿದವಳು ನೀನು, ನೀನ್ಯಾಕೆ ಹೇಳಲಿಲ್ಲ ಅಂತ."

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ! ಛೆ, ಆ ಮಗು ಪಾಪ."

ಅತ್ತೆ ಹಲ್ಲಿನಲ್ಲಿ ದಾರ ಕಡಿದರು. "ನೋಡು, ನಾನು ನಲವತ್ತು ವರ್ಷ ಎಷ್ಟು ರವಿಕೆ ಕೆಡಿಸಿದೀನಿ ಅಂತ ನಿನಗೇನು ಗೊತ್ತು. ತಪ್ಪು ಹೊಲಿಗೆ ಬಿಚ್ಚೋದು ನಾಚಿಕೆ ಅಲ್ಲ. ಅದರ ಮೇಲೆ ಇಸ್ತ್ರಿ ಹಾಕಿ ಕೊಡೋದು ನಾಚಿಕೆ. ಆಮೇಲೆ ಇನ್ನೊಂದು. ಒಬ್ಬಳ ಅಳತೆಗೆ ಊರಿಗೆಲ್ಲ ಹೊಲಿದಿದ್ದೀಯಲ್ಲೇ, ನನ್ನ ಸೊಸೆಯಾಗಿ! ಹೋಗು, ಸ್ನಾನ ಮಾಡು."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಧೈರ್ಯವೂ ಬಂತು.

ಗುರುವಾರ ಬೆಳಿಗ್ಗೆ ಡಾಕ್ಟರಮ್ಮನಿಗೆ ಮೊದಲು ಹೇಳಿದಳು. ಡಾಕ್ಟರಮ್ಮ ಹಣೆಗೆ ಕೈ ಹಚ್ಚಿ ಕೂತಳು. "ಅಯ್ಯೋ ಅಕ್ಕಾ, ನಾನೂ ಒಂದು ಸಲ ಈ ಕೋಣೆಗೆ ಬಂದು ಕೇಳಲಿಲ್ಲವಲ್ಲ." ಪೆಟ್ಟಿಗೆಗೆ ಬಿಸಿಮಾಡುವುದು ಗೊತ್ತೇ ಹೊರತು ತಣ್ಣಗೆ ಮಾಡುವುದು ಗೊತ್ತಿಲ್ಲ. ಹಂಡೆಯಕ್ಕ ಅದರ ಪ್ಲಗ್ಗನ್ನೇ ಕಿತ್ತಳು. ರಬ್ಬರ್ ಕೊಳವೆಯನ್ನು ಮಂಜುಗಡ್ಡೆಯ ಬಕೆಟ್ಟಿಗೆ ಇಳಿಬಿಟ್ಟು, ಡಾಕ್ಟರಮ್ಮನ ಕೈಗೆ ಒಂದು ಕೈಪಂಪು ಕೊಟ್ಟಳು. ಚೀಟಿಯನ್ನು ಮಾತ್ರ ಕೀಳಲಿಲ್ಲ. ಶುಕ್ರವಾರ ಬರುವವರು ಅದನ್ನು ಅಂಟಿದ ಹಾಗೆಯೇ ನೋಡಬೇಕು.

ಬಟ್ಟಲಲ್ಲಿ ಉಳಿದದ್ದು ಹಳೆಯ ಸಾರ, ಮುಖ್ಯಸ್ಥ ಕೆಟ್ಟಿದೆ ಎಂದಿದ್ದ ಅದೇ ಸಾರ. ಥರ್ಮಾಮೀಟರು ಹದಿನಾಲ್ಕು ತೋರಿಸಿತು. ನಿನ್ನೆ ತಂದ ಮೀನಿನ ಪಟ್ಟಿಯನ್ನು ನೇತುಹಾಕಿ, ಅವಳು ಒಂದು ಹನಿ ಬಿಟ್ಟಳು.

ಲೇಖನಿ ಒಂದು ಕ್ಷಣ ಯೋಚಿಸಿತು. ಆಮೇಲೆ ಏರತೊಡಗಿತು. ಏರಿತು, ಏರಿತು, ಕಾಗದದ ಅಂಚನ್ನೇ ದಾಟಿ ಮೇಜಿನ ಮೇಲೆ ಶಾಯಿ ಬಳಿಯಿತು. ಡಾಕ್ಟರಮ್ಮ ಪಂಪು ಬಿಟ್ಟು ಅವಳನ್ನು ತಬ್ಬಿಕೊಂಡಳು. "ಪಂಪು! ಪಂಪು ಬಿಡಬೇಡ್ರೀ!" ಎಂದು ಕೂಗುತ್ತಲೇ ಹಂಡೆಯಕ್ಕ ಅತ್ತಳು.

ಮಧ್ಯಾಹ್ನ ದೊಡ್ಡವರಿಗೆ ಫೋನು ಮಾಡಿದಳು. ಇದು ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಮೀನು, ನೀರು, ಚೀಟಿ ಎಲ್ಲವನ್ನೂ ಹೇಳಿ, ಕೊನೆಗೆ ಕಪ್ಪೆ ಎಂದಳು.  "ಸರಿ" ಎಂದು ಅವರು ಫೋನು ಇಟ್ಟುಬಿಟ್ಟರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. 

ಶುಕ್ರವಾರ ಮೂವರು ಬಂದರು. ಅವರಲ್ಲಿ ಹಿರಿಯರು ಕನ್ನಡಕ ಹಣೆಗೇರಿಸಿಕೊಂಡ ಒಬ್ಬ ಹೆಂಗಸು. ಮುಖ್ಯಸ್ಥ ಬಾಯಿ ತೆಗೆಯುವ ಮುಂಚೆಯೇ ಹಂಡೆಯಕ್ಕ ಎದ್ದು ನಿಂತಳು.

"ಮೊದಲು ನಾನು ಹೇಳ್ತೀನಿ. ಸರಕು ಕೆಟ್ಟಿರಲಿಲ್ಲ. ನೀರು ಬಿಸಿ ಇತ್ತು. ಈ ಚೀಟಿ ಅಂಟಿಸಿದ್ದು ನಾನು, ಇದು ನನ್ನ ಅಕ್ಷರ. ಇದಕ್ಕೆ ಹೆದರಿ ಇಪ್ಪತ್ತೆರಡು ವರ್ಷ ಯಾರೂ ತಿರುಪು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಮೀನಿಗೂ ಹಂದಿಯ ಬಿಸಿಯನ್ನೇ ಕೊಟ್ಟೆ." ಶಾಯಿ ಹರಿದ ಕಾಗದವನ್ನು ಮೇಜಿನ ಮೇಲೆ ಹಾಸಿದಳು. "ಇದು ನಿನ್ನೆಯದು. ಹಳೇ ಸಾರ, ತಣ್ಣೀರು."

ಕನ್ನಡಕದ ಹೆಂಗಸು ಗುಡ್ಡವನ್ನು ನೋಡಿದರು, ಚೀಟಿಯನ್ನು ನೋಡಿದರು. ಮುಖ್ಯಸ್ಥ ಕುರ್ಚಿ ಮುಂದಕ್ಕೆಳೆದುಕೊಂಡ.

"ಅಕ್ಕ, ನೀವು ಹೇಳಿದ್ದು ದೊಡ್ಡದು. ಆದರೆ ಇಷ್ಟು ವರ್ಷದ ದಾಖಲೆ ಪುಸ್ತಕಗಳನ್ನ ಇನ್ನು ಹೇಗೆ ನಂಬೋದು?"

ಅವಳು ಇದಕ್ಕೇ ಕಾದಿದ್ದಳು. ಕಪಾಟಿನಿಂದ ಒಂದು ಪುಸ್ತಕ ಎಳೆದು, ತೋಚಿದಲ್ಲಿ ತೆರೆದು, ಅವನ ಮುಂದಿಟ್ಟಳು.

"ಓದಿ ಸಾರ್. ಪ್ರತಿ ಪುಟದ ತಲೆಯಲ್ಲಿ ಮೂವತ್ತೇಳು ಅಂತ ಇದೆ. ಯಾವ ಪ್ರಾಣಿ ಅಂತ ಇದೆ. ನಾನು ತಪ್ಪು ಮಾಡಿದೀನಿ, ಸುಳ್ಳು ಬರೆದಿಲ್ಲ. ಯಾವುದನ್ನ ಮತ್ತೆ ಮಾಡಬೇಕು ಅಂತ ಪುಸ್ತಕಾನೇ ಹೇಳುತ್ತೆ. ಹಂದಿ, ಕುರಿ, ಎತ್ತು ಬೇಡ. ಕೋಳಿಯ ಮೈ ನಮಗಿಂತ ಬಿಸಿ, ಅದನ್ನ ಇನ್ನೊಮ್ಮೆ ನೋಡಬೇಕು. ಕಪ್ಪೆ ಪೂರ್ತಿ ಮತ್ತೆ ಮಾಡಬೇಕು. ಮಾಡೋಕೆ ನನಗೆ ಎರಡು ವರ್ಷ ಇದೆ. ಉಗ್ರಾಣಕ್ಕೆ ಕಳಿಸಿದ್ರೆ ಕಳಿಸಿ. ಆದರೆ ಕುದಿಸೋದು ತಡವಾಗಿತ್ತು ಅಂತ ಮಾತ್ರ ಬರೀಬೇಡಿ, ಅದು ನಿಜ ಅಲ್ಲ."

ಮುಖ್ಯಸ್ಥ ಒಂದು ಪುಟ ತಿರುವಿದ, ಇನ್ನೊಂದು ತಿರುವಿದ. ಗುಂಡಕ್ಷರ, ದಿನಾಂಕ, ನಾಲ್ಕು ನಿಮಿಷ, ಮೂವತ್ತೇಳು. ಅವನ ಅಚ್ಚುಕಟ್ಟಿನ ಮನಸ್ಸಿಗೆ ಅಂಥ ಪುಸ್ತಕ ಸಿಕ್ಕಿದ್ದು ಅದೇ ಮೊದಲೇನೋ. ಜೇಬಿನಿಂದ ತನ್ನ ವರದಿ ತೆಗೆದು, ಒಂದು ಸಾಲಿಗೆ ಅಡ್ಡಗೆರೆ ಎಳೆದ. "ಹಂಡೆ ಇರಲಿ" ಎಂದ, ಯಾರ ಮುಖವನ್ನೂ ನೋಡದೆ.

ಆಗ ಕಾರಿಡಾರಿನಲ್ಲಿ ಊರುಗೋಲಿನ ಸದ್ದು ಕೇಳಿಸಿತು. ಹಂಡೆಯಕ್ಕನಿಗೆ ಆ ಹೆಜ್ಜೆಯ ಗುರುತು ಸಿಕ್ಕಿತು. ದೊಡ್ಡವರು ಬಾಗಿಲಲ್ಲಿ ನಿಂತಿದ್ದರು. ಆಕಾರ ಅರ್ಧಕ್ಕಿಳಿದಿತ್ತು. ಕಂಕುಳಲ್ಲಿ ಕಟ್ಟು ಹಾಕಿದ ಆ ಪುಟ. ಯಾರೂ ಅವರನ್ನು ಕರೆದಿರಲಿಲ್ಲ.

ಅವರು ನೇರವಾಗಿ ಒಳಗೆ ಬಂದರು. ಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಬಿಡಿಸಿ, ಪುಟವನ್ನು ಹೊರಗೆಳೆದರು. ಲೇಖನಿ ಕೇಳಿ ಪಡೆದು, "ದುರ್ಬಲ" ಎಂಬುದರ ಪಕ್ಕದ ಅಂಚಿನಲ್ಲಿ ಬರೆದರು: ನೀರು ಬಿಸಿ ಇತ್ತು. ಕೆಳಗೆ ರುಜು ಹಾಕಿದರು.

"ಚೀಟಿ ಅಂಟಿಸು ಅಂದವನು ನಾನು" ಎಂದರು ಅವಳಿಗೆ. "ಅದನ್ನ ಹೇಳಿದೆಯೋ ಇಲ್ಲವೋ ಇವರಿಗೆ?"

"ಅಂಟಿಸಿದ್ದು ನಾನಲ್ವಾ ಸಾರ್."

ಅವರು ತಲೆಯಾಡಿಸಿ, ಪೆಟ್ಟಿಗೆಯ ಹತ್ತಿರ ಹೋದರು. ಕೈ ತಾನಾಗಿ ತಿರುಪಿನತ್ತ ಹೋಯಿತು. ಚೀಟಿಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಇಲ್ಲಿದ್ದಷ್ಟು ವರ್ಷವೂ ಅವಳನ್ನು ಕೂಗಿ ಕರೆದಿದ್ದವರು ಮೆಲ್ಲಗೆ ಕೇಳಿದರು.

"ಮುಟ್ಟಬಹುದೇನಮ್ಮಾ?"

ಅವಳು ಪೆಟ್ಟಿಗೆಯ ಮುಂದೆ ಬಾಗಿದಳು. ಚೀಟಿಯ ಮೂಲೆಗೆ ಉಗುರು ಹಾಕಿದಳು. ಇಪ್ಪತ್ತೆರಡು ವರ್ಷದ ಅಂಟು, ಸುಲಭಕ್ಕೆ ಬರುವಂಥದ್ದಲ್ಲ. ಇನ್ನೊಂದು ಮೂಲೆಗೆ ಅವರೂ ಉಗುರು ಹಾಕಿದರು. ಇಬ್ಬರೂ ಸೇರಿ ಚೂರು ಚೂರಾಗಿ ಕೆರೆದು ತೆಗೆದರು.

"ಕಪ್ಪೆಗೆ ಎಷ್ಟಿಡೋಣ?" ಎಂದು ಕೇಳಿದರು ದೊಡ್ಡವರು.

"ಗೊತ್ತಿಲ್ಲ ಸಾರ್" ಎಂದಳು ಹಂಡೆಯಕ್ಕ. "ಈ ಸಲ ಕಪ್ಪೆಯನ್ನೇ ಕೇಳೋಣ."